ಆತಗೂರಿನ ಕಲ್ಲೂ ಮೇಷ್ಟರ ತಟ್ಟೆಯೂ

ಮದ್ದೂರು ತಾಲ್ಲೂಕಿನ ಆತಗೂರು ಈಗ ಒಂದು ಹೋಬಳಿಯ ಊರು. ಕರ್ನಾಟಕದ ಇತಿಹಾಸವನ್ನು ಓದಿದವರಿಗೆ ಮಾತ್ರ ಅದು ಒಂದು ನಾಯಿಯ ಊರು. ಹೀಗೆಂದರೆ ಊರಿನವರು ಮುನಿಯಬೇಕಾದುದಿಲ್ಲ. ಅಂಥ ನಾಯಿ ಬೇರೆ ಊರುಗಳಿಗೆ ದೊರೆತಿಲ್ಲ.

ಶಕ 872, ಎಂದರೆ ಕ್ರಿ. ಶ. 949–50ರ ಸಂಗತಿ ಅದು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಕೃಷ್ಣನ ಪಕ್ಷದಲ್ಲಿದ್ದ ಗಂಗರ ಇಮ್ಮಡಿ ಬೂತುಗನ ಕೈಯಲ್ಲಿ ರಾಜಾದಿತ್ಯನು ಮಡಿದನು. ಬೂತುಗನ ಬಂಟ ಮಣಲೆರನೆಂಬವನು ಆ ಕಾಳಗದಲ್ಲಿ ಪರಾಕ್ರಮ ತೋರಿದನು. ಮೆಚ್ಚಿದ ಒಡೆಯನು ಏನು ಬೇಕೋ ಬೇಡಿಕೋ ಎಂದಾಗ, ಮಣಲೆರನು ಬೇಡಿದ್ದು ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಬೆಳತೂರಿನ ಪಡುವಣ ದಿಕ್ಕಿನ ದಿಣ್ಣೆಯಲ್ಲಿ ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಂದಕ್ಕೊಂದು ಬಿಡದೆ ಹೋರಾಡಿ ಎರಡೂ ಸತ್ತುವು. ಅದರ ನೆನಪಿಗೆಂದು ಆತಗೂರಿನ ಚಲ್ಲೇಶ್ವರದ ಮುಂದೆ ಕಲ್ಲೊಂದನ್ನು ನಿಲ್ಲಿಸಿ, ನಾಯಿ ಹಂದಿಗಳ ಕಾಳಗವನ್ನು ಕೆತ್ತಿಸಿ, ನಡೆದ ಕಥೆಯನ್ನು ಕನ್ನಡದಲ್ಲಿ ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈ ಕಥೆ ಅನೇಕರಿಗೆ ಗೊತ್ತು. ಆದರೆ ಶಾಸನದ ಕೊನೆಯ ಭಾಗವನ್ನು ಗಮನಿಸಿದವರು ಕಡಮೆ. ಕಲ್ಲು ನಿಲ್ಲಿಸಿದವರು ನಿಲ್ಲಿಸಿ ಹೊರಟುಹೋಗಲಿಲ್ಲ. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಅದಕ್ಕೆಂದು ಬಿಟ್ಟರು. ಆ ಮಣ್ಣನ್ನು ಕೆಡಿಸಿದವನು, ಅವನು ಒಕ್ಕಲಾಗಲಿ, ನಾಡನ್ನಾಳುವವನಾಗಲಿ, ಊರನ್ನಾಳುವವನಾಗಲಿ, ಆ ನಾಯಿಯ ಪಾಪಕ್ಕೆ ಹೋಗುವನೆಂದು ಬರೆಸಿದರು. ಇನ್ನೂ ಒಂದು ಕಟ್ಟು ಮಾಡಿದರು: ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ. ಬರೆಸಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಕಲ್ಲಿನ ಮೇಲೆ ಬರೆದರೂ ಬರೆಹವು ತಾನಾಗಿ ಉಳಿಯುವುದಿಲ್ಲ; ಅದನ್ನು ನೋಡಿಕೊಳ್ಳಲು ಒಬ್ಬ ಮನುಷ್ಯ ಬೇಕು, ಆ ಮನುಷ್ಯನಿಗೆ ಅನ್ನ ಬೇಕು.

ಕಂಪ್ಯೂಟರಿನಲ್ಲಿಯೂ ಫೋನಿನಲ್ಲಿಯೂ ಕನ್ನಡ ಬರೆಯುವುದನ್ನು ತರಗತಿಗೆ ತರಲು ಹೊರಟ ಉಪಾಧ್ಯಾಯನೊಬ್ಬನು ಸಾವಿರ ವರ್ಷದ ಹಿಂದಿನ ಗೊರವನನ್ನು ಏಕೆ ನೆನೆಯುತ್ತಿದ್ದಾನೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣ ನನ್ನ ಮೇಷ್ಟರು.

ನಾನು ಹುಟ್ಟಿದ್ದು ಆತಗೂರು ಹೋಬಳಿಯ ಒಂದು ಹಳ್ಳಿಯಲ್ಲಿ. ಅಲ್ಲಿ ನನಗೆ ಅಕ್ಷರ ತಿದ್ದಿಸಿದ ಮೇಷ್ಟರಿಗೆ ಈಗ ಎಂಬತ್ತು ದಾಟಿದೆ. ಪಾಠ ಹೇಳುವುದರ ಜೊತೆಗೆ ಅವರಿಗೆ ಒಂದು ಹವ್ಯಾಸವಿತ್ತು. ರಜೆಯ ದಿನಗಳಲ್ಲಿ ಸುತ್ತಲಿನ ಹಳ್ಳಿಗಳಿಗೆ ಬೈಸಿಕಲ್ಲಿನಲ್ಲಿ ಹೋಗಿ ಹೊಲ ಗದ್ದೆಗಳ ಹೆಸರು, ಕಟ್ಟೆ ಕುಂಟೆಗಳ ಹೆಸರು, ಗಡಿಕಲ್ಲು ಮಾಸ್ತಿಕಲ್ಲುಗಳ ಹೆಸರು ಇವನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ನಾಟಿಯ ಹೆಂಗಸರು ಹೇಳುವ ಪದಗಳನ್ನೂ ಬರೆದುಕೊಳ್ಳುತ್ತಿದ್ದರು. ಇಪ್ಪತ್ತೈದು ವರ್ಷದಲ್ಲಿ ನೋಟುಪುಸ್ತಕಗಳ ಒಂದು ಪೆಟ್ಟಿಗೆ ತುಂಬಿತು. 2004ರಲ್ಲಿ, ನಿವೃತ್ತಿಯ ಹಣದಲ್ಲಿ ಸ್ವಲ್ಪವನ್ನು ಖರ್ಚು ಮಾಡಿ, ಪೇಟೆಯ ಒಂದು ಅಂಗಡಿಯಲ್ಲಿ ಅದನ್ನೆಲ್ಲ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿಸಿದರು. ಅಂಗಡಿಯವರು ಒಂದು ಹೊಳೆಯುವ ತಟ್ಟೆಯಲ್ಲಿ, ಸಿ. ಡಿ. ಎನ್ನುವರಲ್ಲ ಅದರಲ್ಲಿ, ಎಲ್ಲವನ್ನೂ ಹಾಕಿಕೊಟ್ಟರು. ಮೇಷ್ಟರಿಗೆ ಬಹಳ ಸಂತೋಷವಾಯಿತು. ನೋಟುಪುಸ್ತಕಗಳಿಗೆ ಆಗಲೇ ಗೆದ್ದಲು ಹತ್ತಿತ್ತು. ಇನ್ನು ಅವುಗಳಿಂದ ಏನಾಗಬೇಕೆಂದು ಒಲೆಗೆ ಹಾಕಿಸಿದರು.

ಮೂರು ವರ್ಷದ ಹಿಂದೆ ಆ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, “ನಿನ್ನ ಹುಡುಗರಿಗೆ ತೋರ್ಸಪ್ಪ, ಅವರೂರ ಹೆಸರು ಅವರೂ ಓದ್ಲಿ” ಎಂದರು. ಈಗಿನ ಕಂಪ್ಯೂಟರುಗಳಿಗೆ ಅಂಥ ತಟ್ಟೆಯನ್ನು ಇಡುವ ಬಾಯೇ ಇರುವುದಿಲ್ಲ. ಹೇಗೋ ಒಂದು ಹಳೆಯ ಯಂತ್ರ ಹುಡುಕಿ ತೆರೆದದ್ದಾಯಿತು. ತೆರೆಯ ಮೇಲೆ ಬಂದದ್ದು ಕನ್ನಡವಲ್ಲ. ತಲೆಯ ಮೇಲೂ ಕಾಲ ಕೆಳಗೂ ಚುಕ್ಕೆ ಗೆರೆ ಹೊತ್ತ ರೋಮನ್ ಅಕ್ಷರಗಳ ಸಂತೆ. ಒಂದು ಪದವೂ ಓದಲಾಗಲಿಲ್ಲ.

ಆ ದಿನ ನನಗೆ ಎರಡು ಬರೆಹಗಳ ನೆನಪು ಒಟ್ಟಿಗೆ ಬಂತು. ಹತ್ತನೆಯ ಶತಮಾನದ ಆತಗೂರಿನ ಬರೆಹವನ್ನು ನಾನು ಓದಬಲ್ಲೆ. ಇಪ್ಪತ್ತೊಂದನೆಯ ಶತಮಾನದ ಆತಗೂರಿನ ಬರೆಹವನ್ನು ಓದಲಾರೆ.

ಇದು ನಮ್ಮಲ್ಲಿ ಮಾತ್ರ ನಡೆದುದಲ್ಲ. ಇಂಗ್ಲೆಂಡಿನಲ್ಲಿ ವಿಲಿಯಂ ದೊರೆ 1086ರಲ್ಲಿ ತನ್ನ ರಾಜ್ಯದ ಊರು ಹೊಲಗಳ ಲೆಕ್ಕವನ್ನು ತೊಗಲಿನ ಹಾಳೆಗಳಲ್ಲಿ ಬರೆಸಿದನು. ಅದಕ್ಕೆ ಡೂಮ್ಸ್‌ಡೇ ಗ್ರಂಥವೆಂದು ಹೆಸರು. ಒಂಬೈನೂರು ವರ್ಷ ತುಂಬಿದ ನೆನಪಿಗೆ 1986ರಲ್ಲಿ ಬಿ. ಬಿ. ಸಿ. ಸಂಸ್ಥೆಯು ಅಂಥದೇ ಹೊಸ ಗ್ರಂಥವನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ, ಅವರಲ್ಲಿ ಬಹಳ ಮಂದಿ ಶಾಲೆಯ ಮಕ್ಕಳು, ತಮ್ಮ ತಮ್ಮ ಊರಿನ ಸಂಗತಿಗಳನ್ನು ಬರೆದುಕೊಟ್ಟರು. ಅದನ್ನು ಲೇಸರ್ ತಟ್ಟೆಗಳಲ್ಲಿ ತುಂಬಿದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ತಟ್ಟೆಯನ್ನು ಓದುವ ಯಂತ್ರಗಳು ಹೆಚ್ಚುಕಡಮೆ ಇಲ್ಲವಾದುವು. ವಿಶ್ವವಿದ್ಯಾನಿಲಯದ ವಿದ್ವಾಂಸರು ಶ್ರಮಪಟ್ಟು ಅದನ್ನು ಮತ್ತೆ ಓದುವಂತೆ ಮಾಡಬೇಕಾಯಿತು. ತೊಗಲಿನ ಗ್ರಂಥವಾದರೋ ಆಗಲೂ ಓದುವಂತಿತ್ತು, ಈಗಲೂ ಇದೆ.

ಹಾಗಾದರೆ ಯಂತ್ರವನ್ನು ಬಿಟ್ಟು ತಾಳೆಗರಿಗೆ ಹಿಂದಿರುಗಬೇಕೆ? ಹಾಗೆ ಹೇಳುವವನು ನಾನಲ್ಲ. ಬರೆಯುವ ಸಾಧನ ಬದಲಾದಾಗಲೆಲ್ಲ ಅದರ ಭಾರ ಮೊದಲು ಉಪಾಧ್ಯಾಯನ ತಲೆಯ ಮೇಲೆ ಬಿದ್ದಿದೆ. ಆ ಭಾರವನ್ನು ಹೊರಲು ಅವನಿಗೆ ಯಾರು ಕೈ ಕೊಟ್ಟರು, ಯಾರು ಕೊಡಲಿಲ್ಲ ಎಂಬುದನ್ನು ನೋಡಬೇಕು.

ನಮ್ಮ ಹಳ್ಳಿಗಳ ಕೂಲಿಮಠಗಳಲ್ಲಿ ಮಕ್ಕಳು ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮುಂದುವರಿದವರಿಗೆ ಕಡತ. ಕಡತವೆಂದರೆ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕರಿಯ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುವುದು, ಬೇಡವಾದಾಗ ಒರೆಸಿ ಮತ್ತೆ ಮಸಿ ಬಳಿಯುವುದು. ಶಾನುಭೋಗರ ಲೆಕ್ಕವೂ ಅದರಲ್ಲೇ, ಮಠಗಳ ದಾಖಲೆಯೂ ಅದರಲ್ಲೇ. ಕಂಪ್ಯೂಟರಿನೊಳಗಿನ ಬರೆಹದ ಕಟ್ಟನ್ನು ನಾವು ಇಂದು ಕಡತವೆಂದೇ ಕರೆಯುತ್ತೇವೆ. ಹೆಸರಿಟ್ಟವರು ತಿಳಿದು ಇಟ್ಟರೋ ತಿಳಿಯದೆ ಇಟ್ಟರೋ, ಬಹಳ ಒಪ್ಪುವ ಹೆಸರು. ಎರಡೂ ಒರೆಸಿದರೆ ಹೋಗುವಂಥವು.

ಆಮೇಲೆ ಅಚ್ಚು ಬಂತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಮಪುರದಲ್ಲಿ 1817ರಲ್ಲಿ ಅಚ್ಚಾಯಿತು. ಮಂಗಳೂರಿನ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಬಂತು. ಅಚ್ಚಿನ ಪುಸ್ತಕ ಬಂದಮೇಲೆ ಹಳೆಯ ಅಯ್ಯಗಳಿಗೆ ಹೊಸ ತೊಂದರೆ ತಲೆದೋರಿತು. ಅದುವರೆಗೆ ತಮ್ಮ ನಾಲಗೆಯ ಮೇಲಿದ್ದ ಪಾಠ ಈಗ ಹುಡುಗನ ಕೈಯಲ್ಲಿತ್ತು. ಅಲ್ಲಿನ ಅಕ್ಷರ ಇಲ್ಲಿನ ಕೈಬರೆಹದಂತೆ ಇರಲಿಲ್ಲ.

ಮೈಸೂರು ಸೀಮೆಯಲ್ಲಿ ಇದನ್ನು ಕಂಡು ಒಂದು ಉಪಾಯ ಹೂಡಿದವರು ಬಿ. ಎಲ್. ರೈಸ್. ಬೆಂಗಳೂರಿನಲ್ಲಿ 1837ರಲ್ಲಿ ಹುಟ್ಟಿದ ಈ ಆಂಗ್ಲರು ವಿದ್ಯಾ ಇಲಾಖೆಯಲ್ಲಿದ್ದಾಗ, 1868ರಲ್ಲಿ, ಹೋಬಳಿ ಶಾಲೆಗಳ ಯೋಜನೆ ಜಾರಿಗೆ ಬಂತು. ಆ ಯೋಜನೆಯಲ್ಲಿ ನಾವು ಮರೆಯಬಾರದ ಅಂಶವೊಂದಿದೆ. ಹಳ್ಳಿಯಲ್ಲಿ ಆಗಲೇ ಪಾಠ ಹೇಳುತ್ತಿದ್ದಂಥವರನ್ನು ಆರಿಸಿ, ನಾರ್ಮಲ್ ಶಾಲೆಯಲ್ಲಿ ತರಬೇತು ಕೊಟ್ಟು, ಸಂಬಳ ಗೊತ್ತುಮಾಡಿ ಮತ್ತೆ ಹೋಬಳಿಗೆ ಕಳುಹಿಸುವುದು ಅದರ ಕ್ರಮ. ಪುಸ್ತಕ ಸ್ಲೇಟುಗಳಿಗಿಂತ ಮೊದಲು ಮೇಷ್ಟರನ್ನು ಯೋಚಿಸಿದರು. ಇದೇ ರೈಸರೇ ಮುಂದೆ ನಾಡಿನ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳನ್ನು ಹೊರತಂದರು. ಆತಗೂರಿನ ನಾಯಿಕಲ್ಲಿನ ಬರೆಹ ಮೂರನೆಯ ಸಂಪುಟದಲ್ಲಿ, 1894ರಲ್ಲಿ, ಅಚ್ಚಿನಲ್ಲಿ ಬಂತು. ಗೊರವನು ಹೋದಮೇಲೆ ಆ ಕಲ್ಲಿಗೆ ದೊರೆತ ಎರಡನೆಯ ಗೊರವರು ರೈಸರೆಂದರೆ ತಪ್ಪಾಗದು.

ಈಗ ಯಂತ್ರದ ಕಥೆಗೆ ಬರೋಣ. ಮೊದಲು ಬಂದದ್ದು ಬೆರಳಚ್ಚು ಯಂತ್ರ. ಕನ್ನಡಕ್ಕೆ ಅದರ ಕೀಲಿಮಣೆಯನ್ನು ಹೊಂದಿಸಿದವರು ಕೆ. ಅನಂತಸುಬ್ಬರಾಯರು. ಅದು ದೊಡ್ಡ ಸಾಹಸ. ಆದರೆ ಆ ಯಂತ್ರಕ್ಕೆ ಅಕ್ಷರವೆಂದರೆ ಆಕಾರದ ತುಂಡುಗಳು. ‘ಸೂರ್ಯ’ ಎಂದು ಹೊಡೆಯಬೇಕಾದರೆ ಸಕಾರ, ಅದರ ದೀರ್ಘ, ಆಮೇಲೆ ಯಕಾರ, ಕೊನೆಗೆ ಅರ್ಕಾವೊತ್ತು. ಕೈಯಲ್ಲಿ ಬರೆಯುವಾಗ ಹೇಗೋ ಹಾಗೆಯೇ. ಕಿವಿಗೆ ರೇಫ ಮೊದಲು ಕೇಳಿಸುತ್ತದೆ, ಕೈ ಅದನ್ನು ಕೊನೆಯಲ್ಲಿ ಬರೆಯುತ್ತದೆ.

ಇದನ್ನು ತಿರುಗಿಸಿ ಹಾಕಿದವರು ಕೆ. ಪಿ. ರಾಯರು. ಕನ್ನಡದ ಅಕ್ಷರವನ್ನು ಆಕಾರದಿಂದಲ್ಲ, ಉಚ್ಚಾರದಿಂದ ಯಂತ್ರಕ್ಕೆ ಕೊಡಬೇಕೆಂದು ಅವರು ಕಂಡರು. ವ್ಯಂಜನಕ್ಕೆ ಸ್ವರ ಸೇರಿದರೆ ಕಾಗುಣಿತ, ವ್ಯಂಜನಕ್ಕೆ ವ್ಯಂಜನ ಸೇರಿದರೆ ಒತ್ತಕ್ಷರ. ಹೀಗೆ ವ್ಯಾಕರಣವನ್ನೇ ಕೀಲಿಮಣೆಗೆ ಇಳಿಸಿದರು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಕನ್ನಡವೆಲ್ಲ ಅಡಗಿತು. ಅವರ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಹೆಸರು. ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥವಾಗಿ ಇಟ್ಟದ್ದು. ಅವರ ಕೀಲಿಮಣೆಯ ಕ್ರಮವನ್ನೇ ಮುಂದೆ ಕರ್ನಾಟಕ ಸರ್ಕಾರ ಒಪ್ಪಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಕಚೇರಿ ಶಾಲೆಗಳಲ್ಲಿ ಹರಡಿತು. ಕನ್ನಡಿಗರು ಇವರಿಗೆಲ್ಲ ಋಣಿಗಳು.

ಆದರೂ ಒಂದು ತೊಡಕು ಉಳಿದಿತ್ತು. ಆ ಕಾಲದ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವಿರಲಿಲ್ಲ. ಇಂಗ್ಲಿಷ್ ಮೊದಲಾದ ಭಾಷೆಗಳಿಗೆಂದು ಕಂಪ್ಯೂಟರಿನಲ್ಲಿ ಮೀಸಲಿಟ್ಟ ಸಂಖ್ಯೆಗಳಿಗೆ ಕನ್ನಡದ ಆಕಾರದ ತುಂಡುಗಳನ್ನು ತೊಡಿಸಲಾಗುತ್ತಿತ್ತು. ಒಬ್ಬೊಬ್ಬರು ಒಂದೊಂದು ರೀತಿ ತೊಡಿಸುತ್ತಿದ್ದರು. ಆ ಫಾಂಟು ಇದ್ದರೆ ಕನ್ನಡ. ಇಲ್ಲದಿದ್ದರೆ ವೇಷ ಕಳಚಿದ ನಟನಂತೆ ಒಳಗಿನ ರೋಮನ್ ಅಕ್ಷರ ಹೊರಬೀಳುತ್ತಿತ್ತು. ಇದಕ್ಕೆ ಪರಿಹಾರವಾದುದು ಯೂನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆ ಗೊತ್ತುಮಾಡಿದ ಏರ್ಪಾಡು ಅದು. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ದೊರೆಯಿತು. ಕೇರಿ ದೊರೆತರೂ ನಾವು ಒಕ್ಕಲು ಹೋದದ್ದು ನಿಧಾನವಾಗಿ. ನನ್ನ ಮೇಷ್ಟರ ತಟ್ಟೆ ತಯಾರಾದಾಗ ಪೇಟೆಯ ಅಂಗಡಿಗಳು ಇನ್ನೂ ಹಳೆಯ ವೇಷದಲ್ಲೇ ಇದ್ದುವು.

ಶಾಲೆಗಳಿಗೆ ಕಂಪ್ಯೂಟರು ಬಂದದ್ದೂ ಹೆಚ್ಚುಕಡಮೆ ಅದೇ ಕಾಲದಲ್ಲಿ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರಾದ ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದಾಗ (1999–2004) ‘ಮಾಹಿತಿ ಸಿಂಧು’ ಎಂಬ ಯೋಜನೆ ಆರಂಭವಾಯಿತು. ಸರ್ಕಾರಿ ಪ್ರೌಢಶಾಲೆಗಳಿಗೆ ಯಂತ್ರಗಳು ಬಂದುವು. ಹಳ್ಳಿಯ ಹುಡುಗನಿಗೂ ಕಂಪ್ಯೂಟರು ಎಟುಕಬೇಕೆಂಬ ಆಸೆ ದೊಡ್ಡದು. ಆದರೆ ಪಾಠ ಹೇಳಲು ಗುತ್ತಿಗೆಯ ಬೋಧಕರು ಬಂದರು. ಕನ್ನಡದ ಮೇಷ್ಟರು, ಗಣಿತದ ಮೇಷ್ಟರು ಬಾಗಿಲ ಹೊರಗೆ ನಿಂತರು. ಚಪ್ಪಲಿ ಕಳಚಿ ಒಳಗೆ ಹೋಗಬೇಕಾದ ಆ ಕೋಣೆ ಒಂದು ಗರ್ಭಗುಡಿಯಾಯಿತು. ಗುತ್ತಿಗೆ ಮುಗಿದಮೇಲೆ ಅರ್ಚಕರಿಲ್ಲದ ಗುಡಿಗೆ ಏನಾಗುವುದೋ ಅದೇ ಅನೇಕ ಕಡೆ ಆಯಿತು. 1868ರಲ್ಲಿ ಮೊದಲು ಮಾಡಿದ ಕೆಲಸವನ್ನು ಈ ಸಲ ಕೊನೆಗೆ ಬಿಟ್ಟಿದ್ದೆವು.

2020ರ ಮಾರ್ಚಿಯಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ ಈ ಕೊರತೆ ಒಮ್ಮೆಲೇ ಬೆಳಕಿಗೆ ಬಂತು. ಪಾಠವೆಲ್ಲ ಫೋನಿನಲ್ಲಿ ಎಂದಾಯಿತು. ಮನೆಗೆ ಒಂದೇ ಫೋನು, ಅದೂ ತಂದೆಯ ಜೇಬಿನಲ್ಲಿ ಆಲೆಮನೆಗೋ ಗದ್ದೆಗೋ ಹೋಗಿರುತ್ತಿತ್ತು. ರಾತ್ರಿ ಎಂಟರ ಮೇಲೆ ವಿದ್ಯಾರ್ಥಿಗಳ ಉತ್ತರ ಬರುತ್ತಿದ್ದುವು. ಕೈಯಲ್ಲಿ ಬರೆದು ಫೋಟೋ ತೆಗೆದವು ಕೆಲವು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದವು ಕೆಲವು. ಆ ಆಗಸ್ಟಿನಲ್ಲಿ ‘ವಿದ್ಯಾಗಮ’ ಎಂಬ ಕ್ರಮ ಬಂದು, ಶಾಲೆಯ ಉಪಾಧ್ಯಾಯರೇ ಹಳ್ಳಿಗಳಿಗೆ ಹೋಗಿ ಗುಡಿಯ ಜಗಲಿ, ಅರಳಿಕಟ್ಟೆಗಳಲ್ಲಿ ಪಾಠ ಹೇಳಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು. ಕೂಲಿಮಠದ ಜಗಲಿಯೂ ಕೈಯಲ್ಲಿನ ಫೋನೂ ಒಂದೇ ಕಡೆ ಸೇರಿದ್ದನ್ನು ಆಗ ನಾನು ಕಂಡೆ.

ನನ್ನ ತರಗತಿಯ ಅನುಭವವನ್ನೂ ಹೇಳಬೇಕು. ಕನ್ನಡ ಪ್ರಬಂಧವನ್ನು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಬರೆದು ತನ್ನಿ ಎಂದು ಮೊದಲ ಸಲ ಹೇಳಿದಾಗ ಅರವತ್ತು ಮಂದಿಯಲ್ಲಿ ಅಕ್ಷರವನ್ನು ತಾವೇ ಒತ್ತಿ ಬರೆದವರು ಬೆರಳೆಣಿಕೆಯಷ್ಟು. ಕೆಲವರು ಫೋನಿಗೆ ಬಾಯಲ್ಲಿ ಹೇಳಿ ಬರೆಸಿದ್ದರು. ನಮ್ಮ ಸೀಮೆಯ ಮಾತು ಅದಕ್ಕೆ ಹಿಡಿಯಲಿಲ್ಲವಾಗಿ ‘ಆಲೆಮನೆ’ ಎಂದದ್ದು ‘ಆ ಮನೆ’ ಆಗಿತ್ತು. ಈಚೆಗೆ ಇನ್ನೊಂದು ಬಗೆ. ವಿಷಯ ಕೊಟ್ಟರೆ ಯಂತ್ರವೇ ಪ್ರಬಂಧ ರಚಿಸಿಕೊಡುತ್ತದೆ. ಆತಗೂರಿನ ಶಾಸನವನ್ನು ಕುರಿತು ಹಾಗೆ ಬಂದ ಒಂದು ಪ್ರಬಂಧದಲ್ಲಿ ಕಾಳಿಯು ಮಣಲೆರನ ಪತಿವ್ರತೆಯಾದ ಹೆಂಡತಿಯಾಗಿದ್ದಳು! ಭಾಷೆ ಮಾತ್ರ ನನಗಿಂತ ಶುದ್ಧವಾಗಿತ್ತು. ತಂದ ಹುಡುಗನನ್ನು ಗದರಿಸಬೇಕೆಂದಿದ್ದವನು, ತರಗತಿಯೆಲ್ಲ ನಕ್ಕಾಗ ನಾನೂ ನಕ್ಕುಬಿಟ್ಟೆ.

ಕೊನೆಯ ಪರೀಕ್ಷೆಯೆಲ್ಲ ಇನ್ನೂ ಕೈಬರೆಹದಲ್ಲೇ ನಡೆಯುತ್ತದೆ. ಹೀಗಿರುವಾಗ ಯಂತ್ರದಲ್ಲಿ ಬರೆಸುವುದಕ್ಕೆ ಸಮಯ ಕೊಡುವ ಮೇಷ್ಟರು ಪಾಠ ಮುಗಿಸಲಿಲ್ಲವೆಂಬ ಮಾತನ್ನೂ ಕೇಳಬೇಕಾಗುತ್ತದೆ. ನಾನೂ ಕೇಳಿದ್ದೇನೆ.

ಆದರೂ ಲಾಭವೇ ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಹಳೆಯ ಉಪಾಧ್ಯಾಯರನ್ನೆಲ್ಲ ಕಾಡಿದ ಅರ್ಕಾವೊತ್ತು, ಸಂಯುಕ್ತಾಕ್ಷರಗಳನ್ನು ನಾನು ಕೀಲಿಮಣೆಯಿಂದ ಕಲಿಸಿದ್ದೇನೆ. ‘ಸೂರ್ಯ’ ಎಂದು ಒತ್ತಬೇಕಾದರೆ ರಕಾರ ಮೊದಲು, ಸೇರಿಸುವ ಕೀಲಿ ಆಮೇಲೆ, ಯಕಾರ ಕೊನೆಗೆ. ಕೈ ಕಿವಿಯ ಮಾತು ಕೇಳಲೇಬೇಕು. ‘ಕಾರ್ಯ’ವನ್ನು ವರ್ಷಗಟ್ಟಲೆ ತಪ್ಪಾಗಿ ಬರೆಯುತ್ತಿದ್ದ ಹುಡುಗಿಯೊಬ್ಬಳು, “ಸಾರ್, ಇದು ಬಾಯಲ್ಲಿ ಅಂದಂಗೇ ಐತೆ” ಎಂದು ಬೆರಗಾದಳು. ವ್ಯಂಜನವೇನು, ಸ್ವರವೇನು ಎಂಬುದು ಅಂದು ಅವಳಿಗೆ ತಿಳಿಯಿತು. ನನ್ನ ವ್ಯಾಕರಣ ಪಾಠದಿಂದ ತಿಳಿದಿರಲಿಲ್ಲ.

ಇನ್ನು ತಟ್ಟೆಯ ವಿಷಯ. ಹಳೆಯ ಫಾಂಟಿನ ಬರೆಹವನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳು ಈಗ ಇವೆ. ಒಂಬತ್ತು ಕಡತಗಳಲ್ಲಿ ಆರು ಸಿಕ್ಕಿದುವು. ಮೂರು ತಟ್ಟೆಯ ಮೇಲೆಯೇ ಕೆಟ್ಟುಹೋಗಿದ್ದುವು. ಸಿಕ್ಕಿದುವೂ ಪೂರ್ತಿ ನೆಟ್ಟಗಿರಲಿಲ್ಲ. ಹಳೆಯದು ಆಕಾರದ ಸಾಲು, ಹೊಸದು ಉಚ್ಚಾರದ ಸಾಲು. ಒಂದನ್ನು ಇನ್ನೊಂದಕ್ಕೆ ತಿರುಗಿಸುವಾಗ ಅರ್ಕಾವೊತ್ತು ಒಂದು ಮನೆ ಆಚೆ ಹೋಗಿ ಕೂತಿತ್ತು, ಒತ್ತಕ್ಷರಗಳು ಕಳಚಿ ಬಿದ್ದಿದ್ದುವು. ಇದನ್ನು ತಿದ್ದುವುದೇ ನಮ್ಮ ತರಗತಿಯ ಕೆಲಸವಾಯಿತು. ಹೋಬಳಿಯ ಹಳ್ಳಿಗಳ ಹುಡುಗ ಹುಡುಗಿಯರು ಹತ್ತು ಮಂದಿ, ತಮ್ಮ ತಮ್ಮ ಊರಿನ ಪುಟಗಳನ್ನು ಹಂಚಿಕೊಂಡರು. ಗೊತ್ತಾಗದ ಹೆಸರನ್ನು ಮನೆಯ ಅಜ್ಜ ಅಜ್ಜಿಯರಲ್ಲಿ ಕೇಳಿ ಬಂದರು. ಗದ್ದೆಯ ಬಯಲಿಗೆ ಹೋಗಿ ನೋಡಿ ಬಂದರು. ಯಾರೂ ಯಂತ್ರದಿಂದ ಬರೆಸಿಕೊಂಡು ಬರಲಿಲ್ಲ. ಯಂತ್ರಕ್ಕೆ ಆ ಹೆಸರುಗಳು ಗೊತ್ತಿರಲಿಲ್ಲ.

ಶಾಸನದ ಪಾಠವನ್ನೂ ಅದರ ಜೊತೆಗೇ ಬರೆಯೋಣವೆಂದು ಹೊರಟೆವು. ಹತ್ತನೆಯ ಶತಮಾನದ ಕನ್ನಡವೆಂದಮೇಲೆ ಱ, ೞ ಬೇಕು. ಅನೇಕ ಫೋನುಗಳಲ್ಲಿ ಆ ಅಕ್ಷರಗಳು ಹುಡುಕಿದರೂ ಸಿಕ್ಕಲಿಲ್ಲ. ಹುಡುಕುತ್ತಾ ಹೋದಾಗ ಒಂದು ವಿನೋದ ಕಂಡಿತು. ಯೂನಿಕೋಡಿನ ಪಟ್ಟಿಯಲ್ಲಿ ನಮ್ಮ ೞಕಾರಕ್ಕೆ ಇಟ್ಟಿರುವ ಅಧಿಕೃತ ಹೆಸರು ‘ಫ’ ಎಂದು, ಇಂಗ್ಲಿಷಿನ ಎಫ್ ಅಕ್ಷರದ ಉಚ್ಚಾರದಲ್ಲಿ! ಯಾವಾಗಲೋ ಆದ ತಪ್ಪು. ಒಮ್ಮೆ ಇಟ್ಟ ಹೆಸರನ್ನು ಎಂದೂ ಬದಲಾಯಿಸಬಾರದೆಂಬುದು ಆ ಏರ್ಪಾಡಿನ ನಿಯಮವಾದುದರಿಂದ, ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿ ತಪ್ಪನ್ನು ಹಾಗೆಯೇ ಉಳಿಸಿದ್ದಾರೆ. ಕಲ್ಲಿನ ಮೇಲೆ ಕೆತ್ತಿದ ತಪ್ಪನ್ನು ಅಳಿಸಲಾಗದಂತೆಯೇ ಇದೂ.

ಮೇಷ್ಟರ ಪಟ್ಟಿಯಲ್ಲಿ ಒಂದು ಹೊಲದ ಹೆಸರು ಏನು ಮಾಡಿದರೂ ಬಿಡಲಿಲ್ಲ. ಎರಡು ಅಕ್ಷರ ಉಳಿದಿತ್ತು; ನಡುವಿನದು ಬರಿಯ ಚೌಕ. ಆ ಊರಿನಲ್ಲಿ ಕೇಳಿದರೆ ಈಗ ಅದನ್ನು ಸರ್ವೆ ನಂಬರಿನಿಂದ ಕರೆಯುತ್ತಾರೆಂದರು. ಕೊನೆಗೆ ಮೇಷ್ಟರ ಬಳಿಗೇ ಹೋದೆ. ಜಗಲಿಯ ಮೇಲೆ ಕೂತಿದ್ದರು. ಬಹಳ ಹೊತ್ತು ಯೋಚಿಸಿದರು. “ಗೊತ್ತಾಗ್ತಾ ಇಲ್ಲ ಕಣಪ್ಪ. ಬರೆದಿಟ್ಟಿದ್ದೀನಲ್ಲ ಅಂತ ಮರೆತುಬಿಟ್ಟೆ” ಎಂದರು.

ಆ ಮಾತನ್ನು ಕೇಳಿದಮೇಲೆ ನನಗೆ ಶಾಸನದ ಗೊರವನು ಸರಿಯಾಗಿ ಅರ್ಥವಾದನು. ನಾವು ಶಾಲೆಗೆ ಯಂತ್ರ ಕೊಂಡೆವು. ಅದನ್ನು ನೋಡಿಕೊಳ್ಳುವವನನ್ನು ಗೊತ್ತುಮಾಡಲಿಲ್ಲ. ಉಪಾಧ್ಯಾಯರಿಗೆ ಎರಡು ದಿನದ ತರಬೇತು ಕೊಟ್ಟೆವು. ಮೂರನೆಯ ದಿನ ಕೇಳಲು ಯಾರೂ ಇರಲಿಲ್ಲ. ಮಕ್ಕಳ ಬರೆಹವನ್ನು ಕಡತ ಮಾಡಿದೆವು. ಐದು ವರ್ಷದ ಮೇಲೆ ಅದನ್ನು ತೆರೆದು ನೋಡುವುದು ಯಾರ ಕೆಲಸವೆಂದು ಎಲ್ಲಿಯೂ ಬರೆಯಲಿಲ್ಲ. ಎರಡು ಖಂಡುಗ ಮಣ್ಣು ಬೇಡ. ಪ್ರತಿ ಶಾಲೆಯಲ್ಲಿ ಒಬ್ಬ ಮೇಷ್ಟರಿಗೆ ವಾರದಲ್ಲಿ ಎರಡು ಪಾಠದ ಹೊತ್ತನ್ನು ಇದಕ್ಕೆಂದು ಬಿಟ್ಟುಕೊಟ್ಟರೆ ಸಾಕು. ಅದು ಅವನ ಸಂಬಳದ ಕೆಲಸವಾಗಬೇಕು, ಹವ್ಯಾಸವಾಗಬಾರದು.

ನಮ್ಮ ಕೈಲಾದುದನ್ನು ನಾವು ಮಾಡಿದ್ದೇವೆ. ತಿದ್ದಿದ ಪಟ್ಟಿಯನ್ನು ಯೂನಿಕೋಡಿನಲ್ಲಿ ಮೂರು ಕಡೆ ಇಟ್ಟಿದ್ದೇವೆ. ಒಳ್ಳೆಯ ಕಾಗದದ ಮೇಲೆ ಅಚ್ಚು ಮಾಡಿಸಿ ಕಾಲೇಜಿನ ಪುಸ್ತಕಭಂಡಾರಕ್ಕೊಂದು, ಊರಿನ ಶಾಲೆಗೊಂದು, ಮೇಷ್ಟರಿಗೊಂದು ಪ್ರತಿ ಕೊಟ್ಟಿದ್ದೇವೆ. ಪ್ರತಿ ವರ್ಷ ಜುಲೈ ತಿಂಗಳಲ್ಲಿ ಹೊಸ ತರಗತಿಯವರು ಕಡತವನ್ನು ತೆರೆದು, ಓದಿ, ಸರಿಯಿದೆಯೆಂದು ದಿನಾಂಕ ಸಹಿತ ಸಹಿ ಹಾಕಬೇಕೆಂದು ಮೊದಲ ಪುಟದಲ್ಲಿ ಬರೆದಿದೆ. ಬರೆದವಳು ‘ಕಾರ್ಯ’ ತಪ್ಪುತ್ತಿದ್ದ ಆ ಹುಡುಗಿ. ಹಾಗೆ ಓದದೆ ಊಟಕ್ಕೆ ಹೋದವರಿಗೆ ಕಾಳಿಯ ಪಾಪವೆಂದು ಕೆಳಗೆ ತಾನಾಗಿಯೇ ಸೇರಿಸಿದ್ದಾಳೆ.

ಎರಡು ಜುಲೈ ಕಳೆದಿವೆ. ಎರಡು ಸಹಿ ಬಿದ್ದಿವೆ. ಆ ಹೊಲದ ಹೆಸರಿನ ನಡುವಿನ ಚೌಕ ಮಾತ್ರ ಹಾಗೆಯೇ ಇದೆ. ಗೊತ್ತಿದ್ದವರು ಎಂದಾದರೂ ಬಂದಾರೆಂದು ಜಾಗ ಬಿಟ್ಟಿದ್ದೇವೆ.